ಗಾಯ ಮಾಯ್ದರೂ ಮೂಗಿನಿಂದ ನೀರು ಸೋರುತ್ತಿದ್ದರೆ

ಇದು ನೆಗಡಿ ಇರಲಿಕ್ಕಿಲ್ಲ. ಮಿದುಳಿನ ಸುತ್ತ ಇರುವ ನೀರೇ ಸೋರುತ್ತಿರಬಹುದು. ಮುಧೋಳದ ಹೊಲದಲ್ಲಿ ತಮ್ಮನ ಕಣ್ಣಿನ ಒಳಮೂಲೆಗೆ ಕಬ್ಬಿನ ಕೂಳೆ ಚುಚ್ಚಿತ್ತು, ಹೊಲಿಗೆ ಹಾಕಿ ಹತ್ತು ದಿನವಾಯ್ತು, ಈಗ ಬಗ್ಗಿದರೆ ಒಂದೇ ಹೊಳ್ಳೆಯಿಂದ ತಿಳಿನೀರು, ಗಂಟಲಲ್ಲಿ ಉಪ್ಪುಪ್ಪು ಅಂದಿದ್ದೀರಿ. ಅಲ್ಲಿ ಮೂಗಿಗೂ ಮಿದುಳಿಗೂ ನಡುವಿನ ಎಲುಬು ಕಾಗದದಷ್ಟು ತೆಳು. ಹೊರಗಿನ ಗಾಯ ಸಣ್ಣದಿದ್ದರೂ ಒಳಗೆ ತೂತಾಗಿರಬಹುದು.

ಇವತ್ತೇ ಹೊರಡಿ. ಬಾಗಲಕೋಟೆ ಆದರೂ ಸರಿ, ಬೆಳಗಾವಿ ಆದರೂ ಸರಿ. ನ್ಯೂರೋಸರ್ಜನ್ (ಮಿದುಳಿನ ಆಪರೇಶನ್ ಮಾಡುವವರು), ಇಎನ್‌ಟಿ (ಕಿವಿ-ಮೂಗು-ಗಂಟಲಿನ ಡಾಕ್ಟರ್) ಇಬ್ಬರೂ ಇದ್ದಾರಾ ಅಂತ ಮೊದಲು ಫೋನ್ ಮಾಡಿ ಕೇಳಿ.

ಅಲ್ಲಿಯವರೆಗೆ ಮೂಗು ಸೀಟಬಾರದು, ಅರಳೆ ತುರುಕಬಾರದು, ಡ್ರಾಪ್ಸ್ ಬೇಡ. ಎರಡು ದಿಂಬು ಇಟ್ಟು ಮಲಗಿಸಿ. ಸೀನು ಬಂದರೆ ಬಾಯಿ ತೆರೆದೇ ಸೀನಲಿ. ಸಂಡಾಸದಲ್ಲಿ ತಿಣುಕಬಾರದು.

ಸೋರುವ ನೀರನ್ನು ಸ್ವಚ್ಛ ಡಬ್ಬಿಯಲ್ಲಿ ಹಿಡಿದು ಒಯ್ಯಿರಿ. ಬೀಟಾ-2 ಟ್ರಾನ್ಸ್‌ಫೆರಿನ್ ಪರೀಕ್ಷೆ ಮಾಡಿದರೆ ಅದು ಯಾವ ನೀರು ಅಂತ ಗೊತ್ತಾಗುತ್ತದೆ. ನಮ್ಮ ಕಾಕಾಗೆ ಹೀಗಾದಾಗ ಚುಚ್ಚಿದ್ದು ಕಟ್ಟಿಗೆ ಅಂತ ನಾವು ಹೇಳಿರಲೇ ಇಲ್ಲ. ಸಿಟಿ ಸ್ಕ್ಯಾನಿನಲ್ಲಿ ಕಟ್ಟಿಗೆ ಚೂರು ಗಾಳಿಯ ಹಾಗೆ ಕಪ್ಪಗೆ ಕಾಣುತ್ತದೆ, ಸುಲಭವಾಗಿ ತಪ್ಪಿಹೋಗುತ್ತದೆ. ಹಾಗಾಗಿ ‘ಕಬ್ಬಿನ ಕೂಳೆ’ ಅಂತ ಬಾಯಿಬಿಟ್ಟು ಹೇಳಿ, ಎಂಆರ್‌ಐ ಬೇಕಾ ಅಂತಲೂ ಕೇಳಿ. ಚುಚ್ಚಿದ್ದು ಕಬ್ಬಿಣದ ವಸ್ತುವಾಗಿದ್ದರೆ ಮಾತ್ರ ಎಂಆರ್‌ಐ ಮಾತೇ ಎತ್ತಬಾರದು, ಅದರ ಅಯಸ್ಕಾಂತ ಒಳಗಿನ ಚೂರನ್ನು ಎಳೆಯುತ್ತದೆ.

ಚೂರು ಉಳಿದಿದ್ದರೆ ತೆಗೆಯಲೇಬೇಕು. ಸೋರಿಕೆ ಎಷ್ಟೋ ಸಲ ವಿಶ್ರಾಂತಿಯಲ್ಲೇ ನಿಲ್ಲುತ್ತದೆ, ನಿಮ್ಮ ತಮ್ಮನಿಗೆ ನಿಲ್ಲುತ್ತದಾ ಅಂತ ಸ್ಕ್ಯಾನ್ ನೋಡಿಯೇ ಹೇಳಬೇಕು. ನಿಲ್ಲದಿದ್ದರೆ ಸಾಮಾನ್ಯವಾಗಿ ಮೂಗಿನೊಳಗಿಂದಲೇ ದುರ್ಬೀನು ಹಾಕಿ, ತೊಡೆಯ ಪೊರೆ ತೆಗೆದು ತೇಪೆ ಹಚ್ಚುತ್ತಾರೆ.

ಜ್ವರ, ಕುತ್ತಿಗೆ ಬಿಗಿತ, ವಾಂತಿ, ಮಂಪರು ಯಾವುದು ಕಂಡರೂ ಕಾಯದೆ 108ಕ್ಕೆ ಫೋನ್ ಮಾಡಿ.