ಸಂಪಾದಕರ ಉತ್ತರ: ಪದಕ್ಕೆ ಒಂದೂವರೆ ರೂಪಾಯಿಯ ಕನ್ನಡ

ಡೊಂಬಿವಿಲಿಯ ಓದುಗರೊಬ್ಬರು, ಹೆಸರು ಪ್ರಕಟಿಸಬಾರದೆಂಬ ಕೋರಿಕೆಯೊಂದಿಗೆ, ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅವರ ಊರು ಕುಂದಾಪುರದ ಕಡೆ. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಮುಗಿಸಿ, ಈಗ ಫೋರ್ಟಿನ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಾರೆ. ಎರಡು ವರ್ಷಗಳಿಂದ ರಾತ್ರಿ ಹೊತ್ತು ಹಿಂದಿ ಮತ್ತು ಇಂಗ್ಲಿಷ್ ಜಾಹೀರಾತುಗಳನ್ನು ಕನ್ನಡಕ್ಕೆ ಅನುವಾದಿಸುತ್ತಾರೆ. ನಡುವಿನ ಸಂಸ್ಥೆಯೊಂದು ಪದಕ್ಕೆ ಒಂದೂವರೆ ರೂಪಾಯಿಯಂತೆ ಕೊಡುತ್ತದೆ. ಇದನ್ನೇ ವೃತ್ತಿಯಾಗಿಸಿಕೊಂಡು ಕಾಪಿರೈಟರ್, ಅಂದರೆ ಜಾಹೀರಾತು ಬರಹಗಾರ್ತಿ, ಎನಿಸಿಕೊಳ್ಳಬಹುದೆ, ಅದಕ್ಕೆ ಇಂಗ್ಲಿಷಿಗೆ ಹೋಗಲೇಬೇಕೆ, ಯಂತ್ರವೇ ಅನುವಾದ ಮಾಡಿಬಿಡುವ ಈ ಕಾಲದಲ್ಲಿ ಇರುವ ನೌಕರಿ ಬಿಟ್ಟು ಇದಕ್ಕಿಳಿಯುವುದು ಅವಿವೇಕವೆ ಎಂಬುದು ಅವರ ಪ್ರಶ್ನೆ.

ಪ್ರಿಯ ಸಹೋದರಿ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಈ ಪತ್ರಿಕೆಗೆ ಬರುವ ಮೊದಲು ಒಂಬತ್ತು ವರ್ಷ ನಾನೂ ಇದೇ ನಗರದ ಜಾಹೀರಾತು ಸಂಸ್ಥೆಯೊಂದರ ಭಾಷಾ ವಿಭಾಗದಲ್ಲಿ ಕೆಲಸ ಮಾಡಿದವನಾದ್ದರಿಂದ, ನೀವು ಬರೆದ ರಾತ್ರಿಗಳು ನನಗೆ ಚೆನ್ನಾಗಿ ಗೊತ್ತು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ, ಹೌದು, ಇದನ್ನೇ ವೃತ್ತಿಯಾಗಿಸಿಕೊಂಡು ಬದುಕಬಹುದು. ಆದರೆ ಈಗ ಮಾಡುತ್ತಿರುವ ಕೆಲಸವನ್ನೇ ಇನ್ನಷ್ಟು ಹೆಚ್ಚು ಮಾಡುವುದರಿಂದ ಅದು ಸಾಧ್ಯವಾಗುವುದಿಲ್ಲ.

ಏಕೆಂದು ನಿಮ್ಮ ಪತ್ರದಲ್ಲೇ ಇದೆ. ಒಂದು ಎಣ್ಣೆಯ ಜಾಹೀರಾತಿಗೆ ಹನ್ನೆರಡು ಪದಗಳ ಒಂದು ಸಾಲು ಹೊಂದಿಸಲು ಮೂರು ರಾತ್ರಿ ಹಿಡಿಯಿತು, ಆ ಸಾಲು ಹುಬ್ಬಳ್ಳಿಯಿಂದ ಮೈಸೂರಿನವರೆಗೆ ಗೋಡೆಗಳ ಮೇಲೆ ಬಂತು, ಕೈಗೆ ಬಂದದ್ದು 18 ರೂಪಾಯಿ ಎಂದು ನೀವು ಬರೆದಿದ್ದೀರಿ. ಪದ ಎಣಿಸಿ ಹಣ ಕೊಡುವ ವ್ಯವಸ್ಥೆಯಲ್ಲಿ ಚೆನ್ನಾಗಿ ಬರೆದವರಿಗೆ ನಷ್ಟವೇ ಹೆಚ್ಚು. ಸಾಲು ಚಿಕ್ಕದಾದಷ್ಟೂ ಶ್ರಮ ಹೆಚ್ಚುತ್ತದೆ, ಸಂಬಳ ಕಡಿಮೆಯಾಗುತ್ತದೆ. ಅನುವಾದಕ್ಕೆ ಆ ಲೆಕ್ಕ ಹೇಗೋ ನಡೆಯುತ್ತದೆ, ಜಾಹೀರಾತು ಬರವಣಿಗೆಗೆ ನಡೆಯುವುದಿಲ್ಲ. ಹಾಗಾಗಿ ಮೊದಲ ಹೆಜ್ಜೆ ಎಂದರೆ ನಿಮ್ಮ ಕೆಲಸದ ಹೆಸರನ್ನು ನೀವೇ ಬದಲಾಯಿಸಿಕೊಳ್ಳುವುದು: ‘ಅನುವಾದ’ ಎಂದು ಬಿಲ್ ಬರೆಯುವುದನ್ನು ನಿಲ್ಲಿಸಿ, ಇಡೀ ಕೆಲಸಕ್ಕೆ ಇಷ್ಟು ಎಂದು ‘ಕನ್ನಡ ಬರವಣಿಗೆ’ಯ ಬಿಲ್ ಬರೆಯುವುದು. ಹೆಸರು ಬದಲಾದರೆ ಸಾಲದು, ಕೆಲಸವೂ ಬದಲಾಗಬೇಕು. ಆ ಬದಲಾವಣೆ ಎಂಥದ್ದೆಂದು ನನಗೆ ತಿಳಿದದ್ದು ಒಂದು ಸೋಲಿನಿಂದ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ. ಬಟ್ಟೆ ಸೋಪೊಂದರ ಮೂವತ್ತು ಸೆಕೆಂಡಿನ ರೇಡಿಯೋ ಜಾಹೀರಾತು ಹಿಂದಿಯಲ್ಲಿ ಸಿದ್ಧವಾಗಿತ್ತು. ಕನ್ನಡ ಮಾಡುವುದು ನನ್ನ ಪಾಲಿಗೆ ಬಂತು. ಒಂದು ಪದವೂ ಬಿಟ್ಟುಹೋಗದಂತೆ ಮಾಡಿದೆ. ಮರುದಿನ ಸ್ಟುಡಿಯೋದಲ್ಲಿ ಧ್ವನಿ ಕೊಡಲು ಬಂದಿದ್ದ ಹಿರಿಯರು ಒಂದು ಸಲ ಓದಿ ಗಡಿಯಾರ ನೋಡಿದರು: 41 ಸೆಕೆಂಡು. ಬೇಗ ಓದಿ ಎಂದು ಧ್ವನಿಮುದ್ರಣ ಮಾಡುವವರು ಒಳಗಿನಿಂದ ಕೂಗಿದರು. ಹಿರಿಯರು ಕಾಗದವನ್ನು ನನ್ನತ್ತ ಚಾಚಿ, “ಇದರಲ್ಲಿ ಉಸಿರಾಡಲು ಜಾಗ ಎಲ್ಲಿದೆ?” ಎಂದು ಕೇಳಿದರು. ಅವರು ಬೆರಳಿಟ್ಟು ತೋರಿಸಿದ ಸಾಲು ಹೀಗಿತ್ತು: ‘ಕಾಲರಿನ ಅಂಚಿನಲ್ಲಿ ಸೇರಿಕೊಂಡಿರುವ ಹಠಮಾರಿ ಕೊಳೆಯನ್ನು ಸಹ ಸಂಪೂರ್ಣವಾಗಿ ನಿವಾರಿಸುವ ಸಾಮರ್ಥ್ಯವನ್ನು ಹೊಂದಿರುತ್ತದೆ.’ ಸ್ಟುಡಿಯೋಕ್ಕೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ, ಎಲ್ಲರೂ ಕಾಯುತ್ತಿದ್ದರು. ಬಾಗಿಲ ಹೊರಗೆ ನಿಂತು, ಊರಿನಲ್ಲಿ ಬಾವಿಕಟ್ಟೆಯ ಮೇಲೆ ಅಪ್ಪನ ಅಂಗಿ ತಿಕ್ಕುತ್ತಿದ್ದ ಅಮ್ಮ ಪಕ್ಕದ ಮನೆಯವರಿಗೆ ಇದನ್ನು ಹೇಗೆ ಹೇಳುತ್ತಿದ್ದಳು ಎಂದು ಯೋಚಿಸಿದೆ. ‘ಕಾಲರಿನ ಕೊಳೆಯೆ? ಒಮ್ಮೆ ಉಜ್ಜಿ ನೋಡಿ.’ ಸಾಲು ಅಷ್ಟಕ್ಕೇ ನಿಂತಿತು, ಉಳಿದವನ್ನೂ ಹಾಗೇ ಕತ್ತರಿಸಿದೆ, ಹಿರಿಯರು ನಿಧಾನವಾಗಿ, ನಡುವೆ ನಿಲ್ಲಿಸಿ ಓದಿದರು, ಜಾಹೀರಾತು 28 ಸೆಕೆಂಡಿಗೆ ಮುಗಿಯಿತು. ಮೂವತ್ತು ಸೆಕೆಂಡಿನಲ್ಲಿ 45 ಪದ ದಾಟಿದರೆ ಕನ್ನಡ ಉಸಿರು ಕಟ್ಟುತ್ತದೆ ಎಂಬ ಲೆಕ್ಕವನ್ನು ಅಂದಿನಿಂದ ಇಟ್ಟುಕೊಂಡಿದ್ದೇನೆ. ನಮ್ಮ ವಿಭಕ್ತಿ, ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಂಡು ಪದ ಉದ್ದವಾಗುವ ಭಾಷೆ ಇದು. ಹಿಂದಿಯ ಅಳತೆಯ ಅಂಗಿಯನ್ನು ಇದಕ್ಕೆ ತೊಡಿಸಲಾಗದು.

ನೀವು ಕಳಿಸಿದ ಮಾದರಿಗಳಲ್ಲೂ ಇದೇ ತೊಂದರೆ ಕಾಣುತ್ತದೆ. ‘ಅತ್ಯುತ್ಕೃಷ್ಟ’, ‘ಪರಿಪೂರ್ಣ ಪರಿಹಾರ’, ‘ನಿಮ್ಮ ಕುಟುಂಬದ ಆರೋಗ್ಯಕ್ಕಾಗಿ’ ಎಂಬವು ಮೂರರಲ್ಲಿ ಎರಡು ಜಾಹೀರಾತುಗಳಲ್ಲಿವೆ. ಇವು ನಿಮ್ಮ ಮಾತುಗಳಲ್ಲವೆಂದು ನಿಮ್ಮ ಪತ್ರವೇ ಹೇಳುತ್ತದೆ, ಏಕೆಂದರೆ ಲೋಕಲ್ ಟ್ರೇನಿನ ನೂಕುನುಗ್ಗಲನ್ನು ನೀವು ಅದರಲ್ಲಿ ಬಣ್ಣಿಸಿರುವ ಕನ್ನಡ ಎಷ್ಟು ಚುರುಕಾಗಿದೆ ಎಂದರೆ ಅದೇ ಕೈ ಈ ಸಾಲುಗಳನ್ನು ಬರೆಯಿತೆಂದು ನಂಬುವುದು ಕಷ್ಟ.

ಈಗ ಇಂಗ್ಲಿಷಿನ ಪ್ರಶ್ನೆ. ಇಂಗ್ಲಿಷಿನಲ್ಲಿ ಬಂದ ಸೂಚನೆಪತ್ರವನ್ನು ಓದಿ ಅರ್ಥಮಾಡಿಕೊಳ್ಳುವಷ್ಟು, ಸಭೆಯಲ್ಲಿ ನಿಮ್ಮ ಸಾಲನ್ನು ಸಮರ್ಥಿಸಿಕೊಳ್ಳುವಷ್ಟು ಇಂಗ್ಲಿಷ್ ಬೇಕೇಬೇಕು. ಇಂಗ್ಲಿಷಿನಲ್ಲೇ ಬರೆಯಬೇಕೆಂದಿಲ್ಲ. ಮುಂಬಯಿಯ ಜಾಹೀರಾತು ಕಚೇರಿಗಳಲ್ಲಿ ಹಿಂದಿಯೇ ಒಂದು ಕಾಲದಲ್ಲಿ ಅನುವಾದದ ಭಾಷೆಯಾಗಿತ್ತು. 1982ರಲ್ಲಿ ಒಗಿಲ್ವಿ ಎಂಬ ಜಾಹೀರಾತು ಸಂಸ್ಥೆಗೆ ಸೇರಿದ ಜೈಪುರದ ಪಿಯೂಷ್ ಪಾಂಡೆ ಅಲ್ಲಿ ಮೊದಲು ನೋಡಿಕೊಳ್ಳುತ್ತಿದ್ದದ್ದು ಗ್ರಾಹಕರ ವ್ಯವಹಾರವನ್ನು; ಬರವಣಿಗೆಯ ಕಡೆಗೆ ಬಂದದ್ದು ಆಮೇಲೆ. ಬೀದಿಯ, ಮನೆಯ ಹಿಂದಿಯಲ್ಲೇ ಯೋಚಿಸಿ ಬರೆದು, ಫೆವಿಕಾಲ್ ಮತ್ತು ಕ್ಯಾಡ್‌ಬರಿಯ ಜಾಹೀರಾತುಗಳನ್ನು ದೇಶದ ಮನೆಮಾತಾಗಿಸಿದವರಲ್ಲಿ ಅವರು ಪ್ರಮುಖರು. ಇಂಗ್ಲಿಷ್ ಬಲ್ಲವರು ಆ ಕಚೇರಿಯಲ್ಲಿ ಬೇಕಾದಷ್ಟು ಜನ ಇದ್ದರು. ಪಾಂಡೆಯವರ ಬಳಿ ಇದ್ದ ಆ ಹಿಂದಿ ಬೇರೆಯವರ ಬಳಿ ಇರಲಿಲ್ಲ. ಕನ್ನಡಕ್ಕೆ ಈ ನಗರದಲ್ಲಿ ಅಂಥ ಕಾಲ ಇನ್ನೂ ಬಂದಿಲ್ಲವೆಂಬುದು ನನ್ನ ಬಹುದಿನದ ಕೊರಗು. ಕರ್ನಾಟಕದ ಅಂಗಡಿಗಳಿಗೆ ಹೋಗುವ ಎಷ್ಟೋ ಪೊಟ್ಟಣಗಳ ಮೇಲಿನ ಕನ್ನಡವನ್ನು ಇಂದಿಗೂ ಮುಂಬಯಿಯಲ್ಲಿ, ಕೊನೆಯ ಗಳಿಗೆಯಲ್ಲಿ, ಯಾರೋ ಅವಸರವಸರವಾಗಿ ಮುಗಿಸಿ ಕೊಡುತ್ತಾರೆ.

ಆ ಅವಸರದಲ್ಲಿ ಏನಾಗುತ್ತದೆಂದು ನಿಮ್ಮ ಎಣ್ಣೆಯ ಉದಾಹರಣೆಯನ್ನೇ ನೋಡಿ. ಧಾರವಾಡ, ಕಲಬುರ್ಗಿಯ ಕಡೆ ಶೇಂಗಾ. ಬೆಂಗಳೂರು, ಮೈಸೂರಿನ ಕಡೆ ಕಡಲೆಕಾಯಿ. ನಮ್ಮ ಕರಾವಳಿಯಲ್ಲಿ ನೆಲಗಡಲೆ. ಸೌತೆಕಾಯಿ ಎಂದರೆ ನಿಮ್ಮ ಅಮ್ಮನಿಗೆ ಸಾಂಬಾರಿಗೆ ಹಾಕುವ ಬಣ್ಣದ ಸೌತೆ, ಹಸಿಯಾಗಿ ತಿನ್ನುವುದು ಮುಳ್ಳುಸೌತೆ. ಘಟ್ಟದ ಮೇಲಿನವರಿಗೆ ಹಸಿಯಾಗಿ ತಿನ್ನುವುದೇ ಸೌತೆಕಾಯಿ. ಮಾಲು ಯಾವ ಜಿಲ್ಲೆಗಳಿಗೆ ಹೋಗುತ್ತದೆ, ಕೊಳ್ಳುವವರು ಯಾರು ಎಂದು ಮೊದಲೇ ಕೇಳಿ, ಈ ವ್ಯತ್ಯಾಸವನ್ನು ಒಂದು ಪುಟದಲ್ಲಿ ಬರೆದುಕೊಡುವ ಬರಹಗಾರ್ತಿಗೆ ಮರುದಿನದಿಂದ ಪದ ಎಣಿಸಿ ಹಣ ಕೊಡಲು ಯಾರಿಗೂ ಮನಸ್ಸಾಗುವುದಿಲ್ಲ.

ಯಂತ್ರದ ವಿಷಯವಾಗಿ ನಿಮ್ಮ ಅಂಜಿಕೆ ಸುಳ್ಳಲ್ಲ. ಇದ್ದದ್ದನ್ನು ಇದ್ದಂತೆ ಭಾಷೆ ಬದಲಿಸುವ ಕೆಲಸದ ದರ ಇಳಿಯುತ್ತಲೇ ಹೋಗುತ್ತದೆ, ಅದನ್ನೇ ನೆಚ್ಚಿಕೊಂಡು ನೌಕರಿ ಬಿಡಬೇಡಿ. ಆದರೆ ಯಂತ್ರಕ್ಕೆ ಕೊಟ್ಟದ್ದು ಮಾತ್ರ ಗೊತ್ತು, ಹೋಗಿ ನೋಡಿ ಬರಲು ಅದಕ್ಕೆ ಆಗುವುದಿಲ್ಲ. ಅಮೆರಿಕದ ಹಳೆಯ ಕಾಪಿರೈಟರ್ ಕ್ಲಾಡ್ ಹಾಪ್ಕಿನ್ಸ್, ಷ್ಲಿಟ್ಜ್ ಎಂಬ ಬಿಯರ್ ಕಂಪನಿಗಾಗಿ ಬರೆಯುವ ಮೊದಲು ಅದರ ಕಾರ್ಖಾನೆಯನ್ನು ಸುತ್ತಿ ನೋಡಿದರು. ಎಲ್ಲ ಕಂಪನಿಗಳೂ ‘ಶುದ್ಧ’ ಎಂಬ ಒಂದೇ ಪದವನ್ನು ದೊಡ್ಡದಾಗಿ ಅಚ್ಚು ಹಾಕುತ್ತಿದ್ದ ಕಾಲ ಅದು. ಸೀಸೆಗಳನ್ನು ಹೇಗೆ ತೊಳೆಯುತ್ತಾರೆ, ಗಾಳಿಯನ್ನು ಹೇಗೆ ಸೋಸುತ್ತಾರೆ, ನೀರು ಎಷ್ಟು ಆಳದ ಬಾವಿಯಿಂದ ಬರುತ್ತದೆ ಎಂದು ಅವರು ಬರೆದರು. ಎಲ್ಲರೂ ಹಾಗೇ ಮಾಡುತ್ತಾರಲ್ಲ ಎಂದು ಕಂಪನಿಯವರಿಗೇ ಅನ್ನಿಸಿತ್ತು. ಆದರೆ ಅದನ್ನು ಜನರಿಗೆ ಹೇಳಿದವರು ಯಾರೂ ಇರಲಿಲ್ಲ.

ನಮ್ಮಲ್ಲೂ ಅಂಥದ್ದೊಂದು ನಡೆಯಿತು. ನಮ್ಮ ಪತ್ರಿಕೆಯ ಜಾಹೀರಾತು ಪುಟಗಳನ್ನು, ಗಣೇಶೋತ್ಸವಕ್ಕೂ ನವರಾತ್ರಿಗೂ ನಮ್ಮ ಸಂಘಗಳು ತರುವ ಸ್ಮರಣ ಸಂಚಿಕೆಗಳನ್ನು ತೆರೆದು ನೋಡಿ: ಪುಟದ ಮೇಲೆ ಪುಟ, ‘ಶುಭ ಹಾರೈಕೆಗಳೊಂದಿಗೆ’ ಎಂಬ ಎರಡು ಪದ, ಕೆಳಗೆ ಅಂಗಡಿಯ ಹೆಸರು, ಫೋನ್ ನಂಬರು. ಪೂರ್ತಿ ಪುಟಕ್ಕೆ ದುಡ್ಡು ಕೊಟ್ಟು ಏನನ್ನೂ ಹೇಳದೆ ಕೂತವರು ಇವರು. ಅವರಲ್ಲೊಬ್ಬರು, ಮಾಟುಂಗದ ಹೋಟೆಲಿನವರು, ಠಾಣೆಯಲ್ಲಿ ಇಡ್ಲಿ ಹಿಟ್ಟಿನ ಘಟಕ ತೆರೆದಿದ್ದರು. ಒಂದು ಮಧ್ಯಾಹ್ನ ಅವರೊಡನೆ ಅಲ್ಲಿಗೆ ಹೋದೆ. ಉದ್ದು, ಅಕ್ಕಿ ಬೇರೆ ಬೇರೆ ನೆನೆಸುತ್ತಾರೆ. ಕಲ್ಲು ಬಿಸಿಯಾಗಿ ಹಿಟ್ಟು ಕೆಡಬಾರದೆಂದು ಉದ್ದು ಅರೆಯುವಾಗ ಮಂಜುಗಡ್ಡೆಯ ನೀರನ್ನು ಚೊಂಬಿನಿಂದ ಸ್ವಲ್ಪ ಸ್ವಲ್ಪವೇ ಹಾಕುತ್ತಾರೆ. ಮೂಲೆಯಲ್ಲಿ ಒಂದು ಕ್ರೇಟು ತುಂಬ ಅಂಗಡಿಗಳಿಂದ ವಾಪಸು ಬಂದ ಪೊಟ್ಟಣಗಳಿದ್ದವು. ಏಕೆಂದು ಕೇಳಿದೆ. ಹಿಟ್ಟು ಹುಳಿಬರುವಾಗ ಪೊಟ್ಟಣ ಉಬ್ಬುತ್ತದೆ, ಗಿರಾಕಿಗಳು ಹಾಳಾಗಿದೆಯೆಂದು ಹಿಂದಿರುಗಿಸುತ್ತಾರೆ ಎಂದರು. ಅವರ ಮುಂದಿನ ಜಾಹೀರಾತಿನಲ್ಲಿ ಶುಭ ಹಾರೈಕೆ ತೆಗೆದು, ‘ಪೊಟ್ಟಣ ಉಬ್ಬಿದೆಯೆ? ಹಿಟ್ಟು ಹದಕ್ಕೆ ಬಂದಿದೆ. ಕದಡದೆ ಹಾಗೇ ತಟ್ಟೆಗೆ ಹೊಯ್ಯಿರಿ’ ಎಂದು ಬರೆದೆ. ತಾರೀಕು ದಾಟಿದ್ದರೆ ಬಳಸಬೇಡಿ ಎಂಬುದನ್ನು ಅಷ್ಟೇ ದಪ್ಪ ಅಕ್ಷರದಲ್ಲಿ ಕೆಳಗೆ ಸೇರಿಸಿದೆ. ಅದನ್ನೇ ಅವರು ಪೊಟ್ಟಣದ ಮೇಲೂ ಅಚ್ಚು ಹಾಕಿಸಿದರು. ಕೆಲವು ತಿಂಗಳ ಬಳಿಕ ಹೋದಾಗ ಆ ಮೂಲೆಯಲ್ಲಿ ಕ್ರೇಟು ಇರಲಿಲ್ಲ. ಈ ಸಾಲಿನ ಅರ್ಧದಷ್ಟು ಶ್ರೇಯ ಆ ಕ್ರೇಟಿಗೆ ಸಲ್ಲಬೇಕು.

ನಿಮ್ಮ ಮೊದಲ ಗಿರಾಕಿಗಳು ಆ ಶುಭ ಹಾರೈಕೆಯ ಪುಟಗಳಲ್ಲೇ ಇದ್ದಾರೆ. ದೊಡ್ಡ ಸಂಸ್ಥೆಯ ಬಾಗಿಲು ತಟ್ಟುವ ಮೊದಲು ಇವರಲ್ಲಿ ಮೂವರಿಗೆ ಬರೆದುಕೊಡಿ. ಆ ಮೂರು ಕೆಲಸಗಳೇ ನಿಮ್ಮ ಪೋರ್ಟ್‌ಫೋಲಿಯೋ, ಅಂದರೆ ಮುಂದಿನವರಿಗೆ ತೋರಿಸುವ ಮಾದರಿಗಳ ಕಡತ. ಪ್ರತಿಯೊಂದರ ಪಕ್ಕದಲ್ಲೂ ಮೊದಲು ಏನಿತ್ತು, ನೀವು ಏನು ವಿಚಾರಿಸಿದಿರಿ, ಬರೆದ ಮೇಲೆ ಏನಾಯಿತು ಎಂದು ನಾಲ್ಕು ಸಾಲಿರಲಿ. ಮೂವರಲ್ಲಿ ಇಬ್ಬರಾದರೂ ತಾವಾಗಿಯೇ ಎರಡನೆಯ ಸಲ ಕರೆದರೆ ಆಗ ನೌಕರಿಯ ಬಗ್ಗೆ ಯೋಚಿಸಿ, ಅಲ್ಲಿಯವರೆಗೆ ಫೋರ್ಟಿನ ಸಂಬಳ ಬರುತ್ತಿರಲಿ.

ಹಣದ ವಿಷಯದಲ್ಲಿ ನಮ್ಮವರಿಗೆ ಸಂಕೋಚ ಹೆಚ್ಚು, ಅದರಿಂದ ನಾನೂ ಪೆಟ್ಟು ತಿಂದಿದ್ದೇನೆ. ಹೊರಗಿನಿಂದ ಬರೆದುಕೊಡುತ್ತಿದ್ದ ದಿನಗಳಲ್ಲಿ ಒಂದು ಸಂಸ್ಥೆ ಹನ್ನೊಂದು ತಿಂಗಳು ಸತಾಯಿಸಿ ಅರ್ಧ ಹಣ ಕೊಟ್ಟಿತು. ಬಾಯಿಮಾತಿನ ಒಪ್ಪಂದವಾದ್ದರಿಂದ ಉಳಿದರ್ಧವನ್ನು ಕೇಳಲು ನನ್ನ ಕೈಯಲ್ಲಿ ಕಾಗದವೇ ಇರಲಿಲ್ಲ. ನೀವು ಹಾಗೆ ಮಾಡಬೇಡಿ. ಕೆಲಸ ಯಾವುದು, ಎಷ್ಟು ಸಲ ತಿದ್ದಿಕೊಡುತ್ತೀರಿ, ಹಣ ಎಷ್ಟು, ಯಾವಾಗ ಎಂದು ಮೊದಲೇ ಬರೆದು, ಅರ್ಧ ಮುಂಗಡ ಪಡೆಯಿರಿ. ಸಣ್ಣ ಉದ್ಯಮಗಳಿಗಾಗಿ ಇರುವ ಸರ್ಕಾರದ ‘ಉದ್ಯಮ್’ ನೋಂದಣಿಯನ್ನು ಆರಂಭದಲ್ಲೇ ಮಾಡಿಸಿಕೊಳ್ಳಿ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯಂತೆ, ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು, ಬರೆದ ಒಪ್ಪಂದವಿದ್ದರೂ, 45 ದಿನಗಳಿಗಿಂತ ಹೆಚ್ಚು ತಡೆಹಿಡಿಯುವಂತಿಲ್ಲ. ತಡವಾದರೆ ಬಡ್ಡಿ ಸೇರುತ್ತದೆ. ಸಂಸ್ಥೆಗಳು ವೃತ್ತಿ ಶುಲ್ಕದಿಂದ ಶೇ. 10ರಷ್ಟು ತೆರಿಗೆ ಮುರಿದುಕೊಂಡು ಉಳಿದದ್ದನ್ನು ಕೊಡುವುದುಂಟು, ಅದನ್ನು ನಷ್ಟವೆಂದು ತಿಳಿಯದೆ ರಿಟರ್ನ್ಸ್ ಸಲ್ಲಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳಿ. ಲೆಕ್ಕಪತ್ರ ಬಲ್ಲ ನಿಮಗೆ ಇದು ಸುಲಭ, ಈ ವೃತ್ತಿಯ ಬಹುತೇಕರಿಗಿಲ್ಲದ ಬಲ ಇದು.

ಇನ್ನೊಂದು ಮಾತನ್ನು ನೀವು ಕೇಳಿಲ್ಲ, ಆದರೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನೀವು ಕಳಿಸಿದ ಮೂರನೆಯ ಮಾದರಿ ಸಕ್ಕರೆ ಕಾಯಿಲೆಯನ್ನು ‘ಬುಡಸಹಿತ ಗುಣಪಡಿಸುವ’ ಚೂರ್ಣದ್ದು. ಅನುವಾದ ಮಾತ್ರ ನನ್ನದು ಎಂದು ನೀವು ಅಂದುಕೊಂಡಿರಬಹುದು. ಮಧುಮೇಹವೂ ಸೇರಿ ಪಟ್ಟಿಮಾಡಿದ ರೋಗಗಳನ್ನು ಗುಣಪಡಿಸುತ್ತೇವೆಂಬ ಜಾಹೀರಾತನ್ನು 1954ರಲ್ಲೇ ಕಾಯ್ದೆ ನಿಷೇಧಿಸಿದೆ. ಕಾಯ್ದೆಯ ಮಾತು ಹಾಗಿರಲಿ. ಆ ಕನ್ನಡವನ್ನು ಓದಿ ಇನ್ಸುಲಿನ್ ನಿಲ್ಲಿಸುವ ಯಾರೋ ಹಿರಿಯರು ಬೈಂದೂರಿನಲ್ಲೋ ಬೀದರಿನಲ್ಲೋ ಇರುತ್ತಾರೆ, ಅವರು ನಂಬುವುದು ಕಂಪನಿಯನ್ನಲ್ಲ, ತಮ್ಮ ಮನೆಮಾತಿನಲ್ಲಿ ಬಂದ ನಿಮ್ಮ ಸಾಲನ್ನು. ಅಂಥ ಕೆಲಸವನ್ನು ದಯವಿಟ್ಟು ಹಿಂದಿರುಗಿಸಿ. ಮುಂಬಯಿಯಲ್ಲೇ ಇರುವ, 1985ರಲ್ಲಿ ಆರಂಭವಾದ ಜಾಹೀರಾತು ಮಾನದಂಡ ಮಂಡಳಿಯ ನಿಯಮಾವಳಿಯನ್ನು ಒಮ್ಮೆ ಕೂತು ಪೂರ್ತಿ ಓದಿ. ಗಿರಾಕಿಗೆ ಬೇಡವೆನ್ನುವಾಗ ಅದು ನಿಮ್ಮ ಬೆಂಬಲಕ್ಕೆ ಬರುತ್ತದೆ.

ಅಭ್ಯಾಸಕ್ಕೆ ಡೊಂಬಿವಿಲಿಯಿಂದ ಫೋರ್ಟಿನವರೆಗಿನ ಪ್ರಯಾಣವೇ ಸಾಕು. ಟ್ರೇನಿನ ಡಬ್ಬಿಯ ಗೋಡೆಯ ಮೇಲಿನ ಒಂದು ಜಾಹೀರಾತನ್ನು ದಿನಕ್ಕೊಂದರಂತೆ ಆರಿಸಿ, ಇಳಿಯುವುದರೊಳಗೆ ಮನಸ್ಸಿನಲ್ಲೇ ಕನ್ನಡದಲ್ಲಿ ಹೊಸದಾಗಿ ಬರೆಯಿರಿ, ರಾತ್ರಿ ಅದನ್ನು ಫೋನಿನಲ್ಲಿ ಅಮ್ಮನಿಗೆ ಓದಿ ಹೇಳಿ. ಅವರು “ಅಂದರೆ?” ಎಂದು ಕೇಳಿದ ಕಡೆ ತಿದ್ದಿ.

ದಸರಾ ಸಂಚಿಕೆಯ ಜಾಹೀರಾತುಗಳು ಮುಂದಿನ ತಿಂಗಳು ನಮ್ಮ ಕಚೇರಿಗೆ ಬರತೊಡಗುತ್ತವೆ. ಅವುಗಳಲ್ಲಿ ಇಬ್ಬರು ಹೋಟೆಲಿನವರು, ಒಬ್ಬರು ಕ್ಯಾಟರಿಂಗಿನವರು ಪ್ರತಿವರ್ಷ ‘ಶುಭ ಹಾರೈಕೆಗಳೊಂದಿಗೆ’ ಎಂದೇ ಕೊಡುವವರು. ಈ ಸಲ ಬೇರೆಯಾಗಿ ಬರೆಸೋಣವೆಂದು ನಾನು ಅವರನ್ನು ಒಪ್ಪಿಸುತ್ತೇನೆ. ಒಂದು ಶನಿವಾರ ಮಧ್ಯಾಹ್ನ ಕಚೇರಿಗೆ ಬನ್ನಿ, ಪರಿಚಯ ಮಾಡಿಸಿಕೊಡುತ್ತೇನೆ. ಅವರ ಅಡುಗೆಮನೆಗಳನ್ನು ನೋಡದೆ ಒಂದು ಸಾಲೂ ಬರೆಯಬೇಡಿ, ಮತ್ತು ಬರುವಾಗ ನಿಮ್ಮ ಶುಲ್ಕವನ್ನು ಕಾಗದದ ಮೇಲೆ ಬರೆದೇ ತನ್ನಿ.

— ಸಂಪಾದಕ