ಕಾಪರ್ ಟಿ ಹಾಕಿಸಿಕೊಳ್ಳುವ ಮುಂಚೆ ರಕ್ತಪರೀಕ್ಷೆ ಮಾಡಿಸಿ

ಮಗುವಿಗೆ ಎಂಟು ತಿಂಗಳು, ಇನ್ನೂ ಹಾಲು ಕುಡಿಸುತ್ತಿದ್ದೀರಿ, ಎರಡನೆಯದು ಮೂರು ವರ್ಷ ಬಿಟ್ಟು ಬೇಕು ಅಂತ ಬರೆದಿದ್ದೀರಿ. ಅಲ್ಲಿಯವರೆಗೆ ಬಸಿರಾಗದಂತೆ ಗರ್ಭಕೋಶದೊಳಗೆ ಕಾಪರ್ ಟಿ ಹಾಕಿಸಿಕೊಳ್ಳಿ ಅಂತ ಡಾಕ್ಟರ್ ಅಂದಿದ್ದಾರೆ. ನಿಮ್ಮ ಅತ್ತೆ ಮಾತ್ರ ಅದು ಎದೆಗೆ ಏರುತ್ತದೆ, ಮುಂದೆ ಮಕ್ಕಳಾಗುವುದಿಲ್ಲ ಅನ್ನುತ್ತಿದ್ದಾರೆ.

ನಾನು ಹೆರಿಗೆ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಈ ಎರಡು ಭಯಗಳನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ನಿಜವಾಗಿ ಕೇಳಬೇಕಾದದ್ದು ಮುಟ್ಟಿನ ರಕ್ತಸ್ರಾವದ ಬಗ್ಗೆ. ಅದನ್ನು ಕೇಳುವವರು ತುಂಬಾ ಕಮ್ಮಿ.

ಮೊದಲು ಅತ್ತೆಯ ಮಾತು. ಗರ್ಭಕೋಶದಿಂದ ಎದೆಗೆ ದಾರಿಯೇ ಇಲ್ಲ. ಹಾಕುವಾಗ ಗರ್ಭಕೋಶದ ಗೋಡೆಗೆ ತೂತಾಗುವುದು ಉಂಟು, ಆದರೆ ಅದು ಸುಮಾರು 1,000 ಜನರಲ್ಲಿ ಒಬ್ಬರಿಗೆ. ಹಾಲು ಕುಡಿಸುವ ತಾಯಂದಿರಲ್ಲಿ ಈ ಅಪಾಯ ಜಾಸ್ತಿ. ಹಾಗಾಗಿ ಕೈ ಪಳಗಿದವರ ಹತ್ತಿರವೇ ಹಾಕಿಸಿಕೊಳ್ಳಿ. ಮಕ್ಕಳಾಗುವುದಿಲ್ಲ ಅನ್ನುವುದಂತೂ ಸುಳ್ಳು. ತೆಗೆಸಿದ ಮುಂದಿನ ತಿಂಗಳೇ ಬಸಿರಾಗಬಹುದು. ಎದೆಹಾಲಿಗೂ ಏನೂ ಆಗುವುದಿಲ್ಲ.

ಹಾಗಂತ ಅತ್ತೆಯ ಮೇಲೆ ಸಿಟ್ಟಾಗಬೇಡಿ. 1965ರಲ್ಲಿ ನಮ್ಮ ದೇಶದಲ್ಲಿ ಇಂಥದ್ದೇ ಹಳೆಯ ಸಾಧನವಾದ ಲೂಪ್ ಬಂದಾಗ ಟಾರ್ಗೆಟ್ ಇಟ್ಟುಕೊಂಡು ಸಾಲಾಗಿ ಹಾಕಿದರು. ಸರಿಯಾಗಿ ತಪಾಸಣೆಯಿಲ್ಲ, ಆಮೇಲೆ ವಿಚಾರಿಸುವವರೂ ಇಲ್ಲ. ಎಷ್ಟೋ ಹೆಂಗಸರು ರಕ್ತಸ್ರಾವದಿಂದ ನರಳಿದರು. ಆ ಕತೆಗಳು ಮನೆಮನೆಯಲ್ಲಿ ಉಳಿದುಕೊಂಡಿವೆ. ನಮ್ಮ ಆಸ್ಪತ್ರೆಗಳ ಗೋಡೆಬರಹದಲ್ಲಿ 'ವಂಕಿ' ಅಂತ ಓದಿರುತ್ತೀರಲ್ವಾ, ಅದು ಇಂಥ ಸಾಧನಕ್ಕೇ ಇರುವ ಹೆಸರು. ಆದರೆ ಈಗ ಸಾಧನ ಬದಲಾಗಿದೆ.

ಈಗಿನದು ಟಿ ಆಕಾರದ ಸಣ್ಣ ಪ್ಲಾಸ್ಟಿಕ್, ಮೇಲೆ ತಾಮ್ರದ ತಂತಿ. ತಾಮ್ರದ ಕಣಗಳು ವೀರ್ಯಾಣುಗಳ ಚಲನೆಯನ್ನು ಕೆಡಿಸುತ್ತವೆ, ಅವು ಅಂಡದವರೆಗೆ ಹೋಗುವುದಿಲ್ಲ. ಹಾರ್ಮೋನ್ ಏನೂ ಇಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ಬಗೆ ಸಿಗುತ್ತವೆ: 380ಎ ಹತ್ತು ವರ್ಷಕ್ಕೆ, 375 ಐದು ವರ್ಷಕ್ಕೆ. ಎರಡೂ ಉಚಿತ. ಹಾಕಿಸಿಕೊಂಡ 100 ಜನರಲ್ಲಿ ಮೊದಲ ವರ್ಷ ಬಸಿರಾಗುವವರು ಒಬ್ಬರಿಗಿಂತ ಕಮ್ಮಿ.

ಈಗ ನನ್ನ ಮುಖ್ಯ ಮಾತು. ಕಾಪರ್ ಟಿ ಹಾಕಿದ ಮೊದಲ ಮೂರರಿಂದ ಆರು ತಿಂಗಳು ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ, ಹೊಟ್ಟೆನೋವೂ ಜಾಸ್ತಿ. ಬಹಳ ಜನರಿಗೆ ಆಮೇಲೆ ಹದಕ್ಕೆ ಬರುತ್ತದೆ, ಎಲ್ಲರಿಗೂ ಅಲ್ಲ. ಮೊದಲೇ ರಕ್ತ ಚೆನ್ನಾಗಿರುವವರಿಗೆ ಇದು ತಡೆದುಕೊಳ್ಳುವಂಥದ್ದು. ಆದರೆ ಕರ್ನಾಟಕದಲ್ಲಿ ಸುಮಾರು ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ. ಬಾಣಂತನ ಮುಗಿಸಿದ ಮೈ ಬೇರೆ. ಅಂಥವರಿಗೆ ಹಿಮೋಗ್ಲೋಬಿನ್ ಎಷ್ಟಿದೆ ಅಂತಲೂ ನೋಡದೆ ಹಾಕಿ ಕಳಿಸುವುದನ್ನು ಕಂಡರೆ ನನಗೆ ಬಹಳ ಬೇಸರವಾಗುತ್ತದೆ. ಆರು ತಿಂಗಳಿಗೆ ಸುಸ್ತು, ತಲೆಸುತ್ತು ಅಂತ ಬಂದು ತೆಗೆಸಿಕೊಂಡು ಹೋಗುತ್ತಾರೆ. ಊರಿಗೆ ಹೋಗಿ ಕಾಪರ್ ಟಿ ಆಗಿಬರಲಿಲ್ಲ ಅನ್ನುತ್ತಾರೆ.

ಹಾಗಾಗಿ ಮೊದಲು ರಕ್ತಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಕಮ್ಮಿ ಇದ್ದರೆ ಕಬ್ಬಿಣದ ಮಾತ್ರೆ ಶುರುಮಾಡಿ, ಯಾವುದು ಸೂಕ್ತ ಅಂತ ಡಾಕ್ಟರ್ ಜೊತೆ ಮಾತಾಡಿ. ಹೆರಿಗೆಗೆ ಮುಂಚೆಯೇ ನಿಮಗೆ ಮುಟ್ಟು ಜೋರಾಗಿತ್ತು ಅಂದರೆ ಹಾರ್ಮೋನ್ ಇರುವ ಸಾಧನದ ಬಗ್ಗೆ ಕೇಳಿ. ಮಿರೇನಾ, ಎಮಿಲಿ ಅಂತ ಸಿಗುತ್ತವೆ. ಅವು ಉಲ್ಟಾ ಕೆಲಸ ಮಾಡುತ್ತವೆ, ಬರಬರುತ್ತಾ ರಕ್ತ ಹೋಗುವುದು ಕಮ್ಮಿಯಾಗುತ್ತದೆ. ಕೆಲವರಿಗೆ ಮುಟ್ಟೇ ನಿಂತುಬಿಡುತ್ತದೆ, ಅದರಿಂದ ತೊಂದರೆಯಿಲ್ಲ. ಮೊದಲ ತಿಂಗಳುಗಳಲ್ಲಿ ಆಗಾಗ ರಕ್ತದ ಕಲೆ ಕಾಣಿಸಬಹುದು. ಖರ್ಚು ಮಾತ್ರ ಸಾವಿರಗಳ ಲೆಕ್ಕದಲ್ಲಿದೆ.

ಹಾಕುವ ಕೆಲಸ ಕೆಲವೇ ನಿಮಿಷದ್ದು. ಮುಟ್ಟಿನ ನೋವಿನಂಥ ಸೆಳೆತ ಬರುತ್ತದೆ, ಕೆಲವರಿಗೆ ಜೋರಾಗಿಯೇ. ಒಬ್ಬರೇ ಹೋಗಬೇಡಿ. ಮುಟ್ಟು ಇನ್ನೂ ಶುರುವಾಗಿಲ್ಲ ಅಂದರೆ ಮೊದಲು ಬಸಿರಿಲ್ಲ ಅಂತ ಖಚಿತ ಮಾಡಿಕೊಳ್ಳುತ್ತಾರೆ. ಒಳಗೆ ಸಣ್ಣ ನೂಲು ಬಿಟ್ಟಿರುತ್ತಾರೆ. ಮುಟ್ಟು ಮುಗಿದಾಗ ಬೆರಳಿಂದ ಮುಟ್ಟಿ ನೋಡಿಕೊಳ್ಳಬಹುದು. ಗಂಡನಿಗೆ ಚುಚ್ಚುತ್ತದೆ ಅಂದರೆ ನೂಲು ಕತ್ತರಿಸಿಕೊಡುತ್ತಾರೆ, ಅಷ್ಟಕ್ಕೇ ತೆಗೆಸಬೇಕಿಲ್ಲ. ನೂಲು ಸಿಗದಿದ್ದರೆ, ಕಾಪರ್ ಟಿ ಹಾಕಿಸಿಕೊಂಡವರಿಗೆ ಬರುತ್ತಿದ್ದ ಮುಟ್ಟು ನಿಂತರೆ, ಜ್ವರ ಬಂದರೆ, ಕೆಟ್ಟ ವಾಸನೆಯ ಬಿಳಿಸ್ರಾವ ಅಥವಾ ತಡೆಯಲಾರದ ನೋವು ಇದ್ದರೆ ಕಾಯಬೇಡಿ, ಹೋಗಿ ತೋರಿಸಿ. ಕಾಪರ್ ಟಿ ಇದ್ದೂ ಬಸಿರಾದರೆ ಅದು ಗರ್ಭಕೋಶದ ಬದಲು ಅಂಡನಾಳದಲ್ಲಿ ಇದೆಯಾ ಅಂತ ಬೇಗ ನೋಡಬೇಕಾಗುತ್ತದೆ. ಲೈಂಗಿಕ ರೋಗಗಳನ್ನು ಇದು ತಡೆಯುವುದಿಲ್ಲ, ಅದಕ್ಕೆ ಕಾಂಡೋಮ್ ಬೇಕೇ ಬೇಕು.

ಇನ್ನೊಂದು ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಮುಂದೆ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡವರು. ಇಡೀ ದೇಶದಲ್ಲಿ ಕಾಪರ್ ಟಿಯಂಥ ಸಾಧನ ಬಳಸುವವರು 100ಕ್ಕೆ ಇಬ್ಬರಷ್ಟೇ. ಎರಡನೇ ಮಗುವಾದ ಕೂಡಲೇ 'ಆಪರೇಷನ್ ಮಾಡಿಸಿಬಿಡಿ' ಅಂತ ನಿಮಗೂ ಹೇಳುತ್ತಾರೆ. ಆಗ ಬೇಕಿದ್ದರೆ ಹೆರಿಗೆಯಾದ 48 ಗಂಟೆಯೊಳಗೆ ಕಾಪರ್ ಟಿಯನ್ನೇ ಹಾಕಿಸಿಕೊಳ್ಳಬಹುದು. ಹಾಗೆ ಹಾಕಿದ್ದು ಜಾರಿ ಬೀಳುವುದು ಸ್ವಲ್ಪ ಜಾಸ್ತಿ, ಆದ್ದರಿಂದ ಆರು ವಾರಕ್ಕೆ ತಪ್ಪದೆ ತೋರಿಸಬೇಕು.

ಹಾಕಿಸಿಕೊಂಡರೆ ಯಾವ ಬಗೆ, ಯಾವ ತಾರೀಖು ಅಂತ ಕಾರ್ಡಿನಲ್ಲಿ ಬರೆಸಿಕೊಳ್ಳಿ. ತೆಗೆಸಲು ಹೋದಾಗ 'ಇನ್ನೂ ಅವಧಿ ಇದೆಯಲ್ಲ, ಇರಲಿ ಬಿಡಿ' ಅಂತ ವಾಪಸ್ ಕಳಿಸುವವರಿದ್ದಾರೆ. ನಿಮಗೆ ಬೇಡ ಅಂದರೆ ತೆಗೆಯಬೇಕು, ನೀವು ಕಾರಣ ಕೊಡಬೇಕಾಗಿಲ್ಲ.