ಕೇಬಲ್ ಬದಲಿಸಿದರೂ ರೌಟರ್‌ನಲ್ಲಿ ಓವರ್‌ರನ್ ಏರುತ್ತಲೇ ಇದೆ, ಯಾಕೆ?

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಸಿಸ್ಕೊ 2911 ರೌಟರ್ ಇದೆ. ಅದರ ಗಿಗಾಬಿಟ್ 0/0 ಪೋರ್ಟಿನಿಂದ ಕ್ಯಾಟಲಿಸ್ಟ್ 2960 ಸ್ವಿಚ್‌ಗೆ ಟ್ರಂಕ್ (ಹಲವು ವಿಲ್ಯಾನ್‌ಗಳನ್ನು ಒಟ್ಟಿಗೆ ಒಯ್ಯುವ ಲಿಂಕ್) ಕೊಟ್ಟು, ವಿಲ್ಯಾನ್‌ಗಳ (ಒಂದೇ ಸ್ವಿಚ್‌ನಲ್ಲಿ ಬೇರೆಬೇರೆ ಮಾಡಿದ ನೆಟ್‌ವರ್ಕ್‌ಗಳ) ನಡುವಿನ ರೌಟಿಂಗ್ ಅಲ್ಲೇ ಮಾಡುತ್ತಿದ್ದೇವೆ. ‘ಶೋ ಇಂಟರ್‌ಫೇಸಸ್’ ಕೊಟ್ಟರೆ ಇನ್‌ಪುಟ್ ಎರರ್ 48,210 ಎಂದು ಬರುತ್ತದೆ: ಸಿಆರ್‌ಸಿ 0, ಫ್ರೇಮ್ 0, ಓವರ್‌ರನ್ 48,210, ಇಗ್ನೋರ್ಡ್ 0. ಐದು ನಿಮಿಷದ ಸರಾಸರಿ 130 ಎಂಬಿಪಿಎಸ್ ಮಾತ್ರ. ಸರ್ವರ್ ವಿಲ್ಯಾನ್‌ನಿಂದ ಬೇರೆ ವಿಲ್ಯಾನ್‌ನಲ್ಲಿರುವ ಸ್ಟೋರೇಜ್‌ಗೆ ಬ್ಯಾಕಪ್ ನಡೆಯುವಾಗ ಐಪಿ ಫೋನಿನ ದನಿ ತುಂಡಾಗುತ್ತದೆ. ಕೇಬಲ್ ಎರಡು ಸಲ ಬದಲಿಸಿದೆವು, ಹೋಲ್ಡ್-ಕ್ಯೂ (ಪ್ಯಾಕೆಟ್‌ಗಳು ಕಾಯುವ ಸಾಲಿನ ಮಿತಿ) 75ರಿಂದ 1,000ಕ್ಕೆ ಏರಿಸಿದೆವು. ಪ್ರಯೋಜನವಾಗಲಿಲ್ಲ. ಪೋರ್ಟ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ನೀವು ಕಳಿಸಿರುವ ಸಾಲೇ ಅದನ್ನು ಹೇಳುತ್ತಿದೆ. ಇನ್‌ಪುಟ್ ಎರರ್ ಎನ್ನುವುದು ಒಟ್ಟು ಮೊತ್ತ. ರಂಟ್ (ತೀರಾ ಚಿಕ್ಕ ಫ್ರೇಮ್, ಅಂದರೆ ಡೇಟಾ ತುಣುಕು), ಜೈಂಟ್ (ತೀರಾ ದೊಡ್ಡದು), ಸಿಆರ್‌ಸಿ (ದಾರಿಯಲ್ಲಿ ಕೆಟ್ಟದ್ದು), ಫ್ರೇಮ್, ಓವರ್‌ರನ್, ಇಗ್ನೋರ್ಡ್ ಎಲ್ಲವೂ ಅದರೊಳಗೆ ಸೇರುತ್ತವೆ. ಯಾವ ಖಾನೆ ಏರುತ್ತಿದೆ ಎಂದು ನೋಡದೆ ಕೇಬಲ್‌ಗೆ ಕೈ ಹಾಕಬೇಡಿ. ಕೇಬಲ್, ಕನೆಕ್ಟರ್, ಎಸ್‌ಎಫ್‌ಪಿ (ಪೋರ್ಟಿಗೆ ಸಿಕ್ಕಿಸುವ ಮಾಡ್ಯೂಲ್) ಕೆಟ್ಟರೆ ಏರುವುದು ಸಿಆರ್‌ಸಿ. ಡ್ಯೂಪ್ಲೆಕ್ಸ್ ಹೊಂದದಿದ್ದರೆ (ಒಂದು ತುದಿ ಏಕಕಾಲಕ್ಕೆ ಕಳಿಸಿ ಪಡೆಯುವ ಫುಲ್, ಇನ್ನೊಂದು ಸರದಿಯಂತೆ ಮಾಡುವ ಹಾಫ್ ಆಗಿದ್ದರೆ) ಫುಲ್ ಇರುವ ತುದಿಯಲ್ಲಿ ಸಿಆರ್‌ಸಿ ಮತ್ತು ರಂಟ್, ಹಾಫ್ ಇರುವ ತುದಿಯಲ್ಲಿ ಲೇಟ್ ಕೊಲಿಷನ್ (ತಡವಾಗಿ ಆಗುವ ಡಿಕ್ಕಿ) ಕಾಣುತ್ತವೆ. ನಿಮ್ಮಲ್ಲಿ ಅಷ್ಟೂ ಓವರ್‌ರನ್. ಅಂದರೆ ಫ್ರೇಮ್ ಬಾಗಿಲವರೆಗೆ ಬಂದಿದೆ, ಅದನ್ನು ಎತ್ತಿಕೊಳ್ಳಲು ರೌಟರ್‌ಗೆ ಪುರುಸೊತ್ತಾಗಿಲ್ಲ.

2911ರಲ್ಲಿ ಪ್ಯಾಕೆಟ್ ಸಾಗಿಸುವ ಕೆಲಸ ಮುಖ್ಯ ಸಿಪಿಯುವಿನದೇ. ಸಿಪಿಯು ಬೇಗ ಖಾಲಿ ಮಾಡದಿದ್ದರೆ ಪೋರ್ಟಿನ ಚಿಪ್‌ನೊಳಗಿನ ಪುಟ್ಟ ಬಫರ್ ತುಂಬಿ, ಮುಂದೆ ಬಂದದ್ದೆಲ್ಲ ಅಲ್ಲೇ ಬಿದ್ದುಹೋಗುತ್ತದೆ. ಹೋಲ್ಡ್-ಕ್ಯೂ ಇರುವುದು ಇದರ ನಂತರದ ಹಂತದಲ್ಲಿ, ಸಾಫ್ಟ್‌ವೇರ್‌ನಲ್ಲಿ. ಅಲ್ಲಿ ನಷ್ಟವಾದರೆ ‘ಇನ್‌ಪುಟ್ ಕ್ಯೂ’ ಸಾಲಿನ ಮೂರನೆಯ ಅಂಕಿ ಏರುತ್ತದೆಯೇ ಹೊರತು ಓವರ್‌ರನ್ ಅಲ್ಲ. ಹಾಗಾಗಿ ಅದನ್ನು 75ಕ್ಕೇ ಇಳಿಸಿಬಿಡಿ.

130 ಎಂಬಿಪಿಎಸ್ ಎಂಬ ಸರಾಸರಿಯನ್ನು ನಂಬಿ ಕೂರುವುದು, ವರ್ಷದ ಸರಾಸರಿ ಮಳೆ ನೋಡಿ ಚರಂಡಿ ಕಟ್ಟಿದ ಹಾಗೆ. ಬ್ಯಾಕಪ್ ಸರ್ವರ್ ಕೆಲವು ಮಿಲಿಸೆಕೆಂಡ್ ಪೂರ್ತಿ ಗಿಗಾಬಿಟ್ ವೇಗದಲ್ಲಿ ಸುರಿಯುತ್ತದೆ. ಒಂದೇ ಮಿಲಿಸೆಕೆಂಡಿಗೆ 125 ಕಿಲೋಬೈಟ್. ಪ್ಯಾಕೆಟ್‌ಗಳ ಗಾತ್ರವೂ ಮುಖ್ಯ. 1,518 ಬೈಟ್‌ನ ಫ್ರೇಮ್‌ಗಳಾದರೆ ಗಿಗಾಬಿಟ್ ತುಂಬಲು ಸೆಕೆಂಡಿಗೆ ಸುಮಾರು 81,000 ಸಾಕು, 64 ಬೈಟ್‌ನವಾದರೆ 14.88 ಲಕ್ಷ ಬೇಕು. 2911ರ ಸಾಮರ್ಥ್ಯವೋ, ಬೇರಾವ ಸೇವೆಯೂ ಇಲ್ಲದಿದ್ದಾಗ ಸಣ್ಣ ಪ್ಯಾಕೆಟ್‌ಗಳಲ್ಲಿ ಸುಮಾರು 3.5 ಲಕ್ಷ. ನ್ಯಾಟ್ (ವಿಳಾಸ ಬದಲಿಸುವುದು), ಆಕ್ಸೆಸ್ ಲಿಸ್ಟ್ (ಪ್ಯಾಕೆಟ್ ಸೋಸುವ ನಿಯಮಗಳು), ನೆಟ್‌ಫ್ಲೋ (ಹರಿವಿನ ಲೆಕ್ಕ ಇಡುವುದು) ಸೇರಿದರೆ ಅದೂ ಕುಗ್ಗುತ್ತದೆ.

ಮೊದಲು ಖಚಿತಪಡಿಸಿಕೊಳ್ಳಿ. ‘ಕ್ಲಿಯರ್ ಕೌಂಟರ್ಸ್’ ಕೊಟ್ಟು ಹಳೆಯ ಲೆಕ್ಕ ಅಳಿಸಿ, ಸರಾಸರಿ 30 ಸೆಕೆಂಡಿನದಾಗುವಂತೆ ಆ ಪೋರ್ಟಿಗೆ ‘ಲೋಡ್-ಇಂಟರ್ವಲ್ 30’ ಹಾಕಿ. ಬ್ಯಾಕಪ್ ಶುರುವಾದ ಮೇಲೆ ನಿಮಿಷಕ್ಕೊಮ್ಮೆ ಓವರ್‌ರನ್ ಬರೆದಿಡಿ. ಜೊತೆಗೆ ‘ಶೋ ಪ್ರೊಸೆಸಸ್ ಸಿಪಿಯು ಸಾರ್ಟೆಡ್’ ನೋಡಿ. ಮೇಲಿನ ಸಾಲಿನಲ್ಲಿ 62%/55% ಎಂಬಂತೆ ಎರಡು ಅಂಕಿ ಇರುತ್ತವೆ: ಮೊದಲನೆಯದು ಒಟ್ಟು, ಎರಡನೆಯದು ಇಂಟರಪ್ಟ್ (ಬಂದ ಪ್ಯಾಕೆಟ್‌ಗಳನ್ನು ಕೂಡಲೇ ಸಾಗಿಸುವ ಕೆಲಸ). ಎರಡೂ ಹತ್ತಿರವಿದ್ದರೆ ಸಿಪಿಯು ಪ್ಯಾಕೆಟ್ ಸಾಗಿಸುವುದರಲ್ಲೇ ಮುಳುಗಿದೆ ಎಂದರ್ಥ. ಅಂತರ ದೊಡ್ಡದಿದ್ದರೆ ಯಾವುದೋ ಪ್ರೊಸೆಸ್ ತಿನ್ನುತ್ತಿದೆ. ಆಗ ಸಿಇಎಫ್ (ಸಿಸ್ಕೊದ ವೇಗದ ಸಾಗಣೆ ವಿಧಾನ) ಆಫ್ ಆಗಿದೆಯೇ, ಆಕ್ಸೆಸ್ ಲಿಸ್ಟ್‌ನ ಸಾಲುಗಳಲ್ಲಿ ‘ಲಾಗ್’ ಉಳಿದುಕೊಂಡಿದೆಯೇ ಎಂದು ಹುಡುಕಿ.

ಪರಿಹಾರದ ವಿಷಯಕ್ಕೆ ಬಂದರೆ, ಈ ಬ್ಯಾಕಪ್ ರೌಟರ್ ಹತ್ತಿರ ಬರುವ ಅಗತ್ಯವೇ ಇಲ್ಲ. ಸ್ಟೋರೇಜ್‌ನ ಎರಡನೆಯ ನೆಟ್‌ವರ್ಕ್ ಪೋರ್ಟನ್ನು ಸರ್ವರ್‌ಗಳ ವಿಲ್ಯಾನ್‌ಗೇ ಜೋಡಿಸಿ, ಬ್ಯಾಕಪ್ ಗುರಿಯಾಗಿ ಆ ಹೊಸ ವಿಳಾಸ ಕೊಡಿ. ಹೊಸ ಪೋರ್ಟಿಗೆ ಡೀಫಾಲ್ಟ್ ಗೇಟ್‌ವೇ ಹಾಕಬೇಡಿ, ಹಾಕಿದರೆ ಮರುದಾರಿ ಗೊಂದಲವಾಗುತ್ತದೆ. ಅಷ್ಟಾದರೆ ಆ ಹರಿವು ಸ್ವಿಚ್‌ನೊಳಗೇ ಮುಗಿಯುತ್ತದೆ. ಖರ್ಚು ಒಂದು ಪ್ಯಾಚ್ ಕಾರ್ಡ್.

ರೌಟರ್ ಮೂಲಕವೇ ಹೋಗಬೇಕಾದ ಹರಿವೂ ಹೆಚ್ಚಿದ್ದರೆ ಸ್ವಿಚ್‌ನಲ್ಲೇ ವೇಗ ತಗ್ಗಿಸಿ. ರೌಟರ್ ಕಡೆಗಿನ ಪೋರ್ಟಿನಲ್ಲಿ ‘ಎಸ್‌ಆರ್‌ಆರ್-ಕ್ಯೂ ಬ್ಯಾಂಡ್‌ವಿಡ್ತ್ ಲಿಮಿಟ್ 30’ ಕೊಟ್ಟರೆ ಸುಮಾರು 300 ಎಂಬಿಪಿಎಸ್‌ಗೆ ಕಟ್ಟಿಹಾಕಬಹುದು. ಈ ಅಂಕಿ ಶೇಕಡಾವಾರು, 10ರಿಂದ 90ರವರೆಗೆ ಕೊಡಬಹುದು. ಓವರ್‌ರನ್ ನೋಡಿಕೊಂಡು ಏರಿಸಿ, ಇಳಿಸಿ. ಪ್ಯಾಕೆಟ್ ಹೀಗೂ ಬೀಳುತ್ತದೆ, ನಿಜ. ಆದರೆ ರೌಟರ್‌ನ ಚಿಪ್ ದನಿ ಯಾವುದು, ಬ್ಯಾಕಪ್ ಯಾವುದು ಎಂದು ನೋಡದೆ ಬೀಳಿಸುತ್ತದೆ. ಸ್ವಿಚ್‌ನಲ್ಲಿ ‘ಎಂಎಲ್‌ಎಸ್ ಕ್ಯೂಒಎಸ್’ (ಆದ್ಯತೆಯ ವ್ಯವಸ್ಥೆ ಶುರುಮಾಡುವ ಆದೇಶ) ಹಾಕಿ, ಆ ಪೋರ್ಟಿಗೆ ‘ಪ್ರಯಾರಿಟಿ-ಕ್ಯೂ ಔಟ್’ ಕೊಟ್ಟರೆ ದನಿ ಮೊದಲು ಹೋಗುತ್ತದೆ. ಫೋನುಗಳಿರುವ ಪೋರ್ಟುಗಳಲ್ಲಿ ‘ಎಂಎಲ್‌ಎಸ್ ಕ್ಯೂಒಎಸ್ ಟ್ರಸ್ಟ್ ಡಿಎಸ್‌ಸಿಪಿ’ ಮರೆಯಬೇಡಿ, ಮರೆತರೆ ಸ್ವಿಚ್ ಫೋನಿನ ಪ್ಯಾಕೆಟ್‌ಗಳ ಆದ್ಯತೆಯ ಗುರುತನ್ನು (ಡಿಎಸ್‌ಸಿಪಿ) ಸೊನ್ನೆ ಮಾಡಿಬಿಡುತ್ತದೆ.

ಫ್ಲೋ ಕಂಟ್ರೋಲ್ (ತುಂಬಿದಾಗ ‘ಸ್ವಲ್ಪ ತಡೆ’ ಎಂದು ರೌಟರ್ ಸ್ವಿಚ್‌ಗೆ ಹೇಳುವ ವಿಧಾನ) ಸೂಚಿಸುವವರೂ ಇದ್ದಾರೆ. ಬರೀ ಡೇಟಾ ಇರುವಲ್ಲಿ ಅದು ಸರಿ. ನಿಮ್ಮಲ್ಲಿ ಬೇಡ: ಆ ತಡೆಯ ಸೂಚನೆ (‘ಪಾಝ್’ ಫ್ರೇಮ್) ಬಂದ ಕೂಡಲೇ ಸ್ವಿಚ್ ಆ ಲಿಂಕಿನ ಮೇಲೆ ಫೋನಿನ ಪ್ಯಾಕೆಟ್‌ಗಳನ್ನೂ ಸೇರಿಸಿ ಎಲ್ಲವನ್ನೂ ತಡೆದು ನಿಲ್ಲಿಸುತ್ತದೆ.